ಉರ್ಶಾಳ ಗಾಡಿ ಮತ್ತು ನನ್ನ ಬೆನ್ನು

ನನ್ನ ಹೆಂಡತಿ ಪೊಲೊನಾಳ ತವರಿನವರಿಗೆ ನಡೆಯುವುದು ಬರುವುದಿಲ್ಲ. ಹತ್ತುವುದು ಮಾತ್ರ ಬರುತ್ತದೆ. ಭಾನುವಾರ ಬೆಳಗ್ಗೆ ಲೋಕದ ಸಜ್ಜನರೆಲ್ಲ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವ ಹೊತ್ತಿಗೆ ಇವರು ಯಾವುದೋ ಗುಡ್ಡದ ನೆತ್ತಿಯ ಮೇಲೆ ಕೂತು ಬೇಯಿಸಿದ ಮೊಟ್ಟೆ ಸುಲಿಯುತ್ತಿರುತ್ತಾರೆ. ಹುಟ್ಟುಹಬ್ಬ ಬಂತೇ, ಹತ್ತು. ಜಗಳವಾಯಿತೇ, ಹತ್ತು. ಅಜ್ಜಿ ತೀರಿಕೊಂಡು ವರ್ಷವಾಯಿತೇ, ಮೇಣದ ಬತ್ತಿ ಜೇಬಿಗೆ ಹಾಕಿಕೊಂಡು ಹತ್ತು. ಮದುವೆಗೆ ಮುಂಚೆ ಇದನ್ನು ಯಾರೂ ನನಗೆ ಹೇಳಲಿಲ್ಲ. ಸ್ಲೊವೇನಿಯಾದಲ್ಲಿ ಹುಟ್ಟಿದವನಿಗೆ ಇದನ್ನು ಬೇರೆ ಹೇಳಬೇಕೇ ಎಂದು ಅಂದುಕೊಂಡಿರಬೇಕು.

ಆದರೆ ನಾನು ಮುರಾ ನದಿಯ ಬಯಲಿನವನು. ನಮ್ಮೂರಲ್ಲಿ ಅತಿ ಎತ್ತರದ ವಸ್ತುವೆಂದರೆ ಇಗರ್ಜಿಯ ಗೋಪುರ, ಅದು ಬಿಟ್ಟರೆ ಕೊಕ್ಕರೆ ಗೂಡು ಕಟ್ಟಿದ ಕರೆಂಟಿನ ಕಂಬ. ಎರಡನ್ನೂ ಹತ್ತುವ ಪದ್ಧತಿ ನಮ್ಮಲ್ಲಿಲ್ಲ. ಶಾಲೆಯಲ್ಲಿ ನಾನು ಭೂಗೋಳ ಪಾಠ ಮಾಡುತ್ತೇನೆ, ದೇಶದ ಬೆಟ್ಟಗಳ ಎತ್ತರವೆಲ್ಲ ನನಗೆ ಬಾಯಿಪಾಠ. ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಹೇಳಿದ್ದಾರೆ. ಅದನ್ನು ದೂರದಲ್ಲೇ ಇಟ್ಟುಕೊಂಡರೆ ಕೊನೆಯವರೆಗೂ ನುಣ್ಣಗೇ ಇರುತ್ತದೆ ಎನ್ನುವುದು ನನ್ನ ಸೇರ್ಪಡೆ.

ಇನ್ನು ನನ್ನ ಬೆನ್ನಿನ ವಿಷಯ. ಆರು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಮಾವ ಸ್ತಾನೆಯ ಹಿತ್ತಲಲ್ಲಿ ಸೌದೆ ಒಟ್ಟುವಾಗ ಅದು ಹಿಡಿದುಕೊಂಡಿತು. ಮೂರು ದಿನ ಮಲಗಿದೆ. ನಾಲ್ಕನೆಯ ದಿನ ಪೂರ್ತಿ ಸರಿಹೋಯಿತು. (ಈ ನಾಲ್ಕನೆಯ ದಿನದ ಸಂಗತಿ ನಿಮ್ಮೊಬ್ಬರಿಗೇ ಹೇಳುತ್ತಿದ್ದೇನೆ.) ಅಷ್ಟರಲ್ಲಿ ಅತ್ತೆ ಮಿಲೆನಾ, ಪಾಪ, ಕೋಳಿ ಸಾರು ಕಾಯಿಸಿ ತಂದು, "ಇವನ ಕೈಲಿ ಇನ್ಮೇಲೆ ಭಾರ ಎತ್ತಿಸ್ಬೇಡಿ" ಎಂದು ಮನೆಮಂದಿಗೆಲ್ಲ ಕಟ್ಟಪ್ಪಣೆ ಮಾಡಿಬಿಟ್ಟಿದ್ದರು. ಹಿರಿಯರ ಮಾತು ಮೀರಬಾರದು. ಅಂದಿನಿಂದ ಸೌದೆ, ಆಲೂಗಡ್ಡೆ ಮೂಟೆ, ಬಂಧುಗಳ ಬೀರು, ಭಾನುವಾರದ ಗುಡ್ಡ, ಎಲ್ಲದರಿಂದಲೂ ನನಗೆ ವಿನಾಯಿತಿ. ಮಾವ ಪ್ರತಿ ಶನಿವಾರ ಫೋನು ಮಾಡಿ, "ಬೆನ್ನು ಹೇಗಿದೆ ಅಳಿಯಂದ್ರೆ?" ಎಂದು ಕೇಳುತ್ತಾರೆ. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪರವಾಗಿಲ್ಲ ಮಾವ" ಎನ್ನುತ್ತೇನೆ. ಆ ಸುಮ್ಮನಿರುವುದರಲ್ಲೇ ಎಲ್ಲ ಕಲೆ ಇರುವುದು.

ಇಷ್ಟು ಸುಖವಾಗಿದ್ದವನಿಗೆ ಕಂಟಕವಾಗಿ ಬಂದದ್ದು ಒಂದು ಪುಸ್ತಕ.

ನಾವೀಗ ಇರುವ ಮಾವನ ಊರಿನ ನೆತ್ತಿಯ ಮೇಲೆ ಲಿಪೊವೆಟ್ಸ್ ಎಂಬ ಗುಡ್ಡವಿದೆ. ತುದಿಯಲ್ಲೊಂದು ತಂಗುಮನೆ. ಅಲ್ಲಿ ಹತ್ತಿ ಬಂದವರೆಲ್ಲ ಹೆಸರು ಬರೆಯುವ ದಪ್ಪ ಪುಸ್ತಕ. ಊರಿನ ಕೂಸುಗಳ ಮೊದಲ ಏರಿಕೆ ಮೇ ಒಂದನೇ ತಾರೀಕು ಆಗಬೇಕು. ಅವತ್ತು ಬ್ಯಾಂಡಿನವರೂ ಸೇರಿ ಊರಿಗೆ ಊರೇ ಮೇಲಿರುತ್ತದೆ. ಕೂಸಿನ ಹೆಸರಿನ ಮುಂದೆ 'ಹೊತ್ತವರು' ಎಂದು ಇನ್ನೊಂದು ಹೆಸರು ಬೀಳುತ್ತದೆ. ಸ್ತಾನೆಯನ್ನು ಹೊತ್ತವರು ಅವರ ಅಪ್ಪ. ಪೊಲೊನಾಳನ್ನು ಹೊತ್ತವರು ಸ್ತಾನೆ. ನಮ್ಮ ಹಿರಿಮಗ ತಿನೆಯನ್ನು ಹೊತ್ತವರೂ ಸ್ತಾನೆಯೇ, ಏಕೆಂದರೆ ಅವನ ಅಪ್ಪನಿಗೆ ಬೆನ್ನು. ಆ ಸಾಲನ್ನು ನಾನು ಒಮ್ಮೆ ನೋಡಿದೆ. ಮಗನ ಹೆಸರಿದೆ, ಮಾವನ ಹೆಸರಿದೆ, ನಾನು ಎಲ್ಲೂ ಇಲ್ಲ. ಆ ಮಗು ತಾನಾಗಿಯೇ ಹುಟ್ಟಿದ ಹಾಗಿತ್ತು.

ಈ ವರ್ಷ ಮಗಳು ಉರ್ಶಾಳ ಸರದಿ. ಹತ್ತು ತಿಂಗಳು, ಒಂಬತ್ತು ಕೆಜಿ. ಮಾರ್ಚ್ ತಿಂಗಳಲ್ಲೇ ಮಾವ ಅಟ್ಟದಿಂದ ಮಗು ಹೊರುವ ಹಳೆಯ ಬೆನ್ನುಚೀಲ ಇಳಿಸಿ ಅದರ ಚರ್ಮದ ಪಟ್ಟಿಗಳಿಗೆ ಎಣ್ಣೆ ಸವರತೊಡಗಿದರು. ಆ ವಾಸನೆಗೆ ನನ್ನ ಪಿತ್ತ ಕೆರಳಿತು. ಮನೆಗೆ ಬಂದು ಹೆಂಡತಿಗೆ ಹೇಳಿದೆ:

"ಈ ಸಲ ಪುಸ್ತಕದಲ್ಲಿ ನನ್ನ ಹೆಸರು ಬರಬೇಕು."

"ಬರಲಿ. ಹೊತ್ಕೋ."

"ಬೆನ್ನು."

"ಹಾಗಾದ್ರೆ ಅಪ್ಪ ಹೊರ್ತಾರೆ."

"ಅಪ್ಪ ಯಾಕೆ? ಅವಳಿಗೆ ಅಪ್ಪ ನಾನು."

"ಅದನ್ನ ನಿನ್ನ ಬೆನ್ನಿಗೆ ಹೇಳು."

ನನ್ನ ಸಂಕಟ ನಿಮಗೆ ಅರ್ಥವಾಗಿರಬೇಕು. ಬೆನ್ನು ಸರಿಯಾಗಿದೆ ಎಂದರೆ ಮಗಳನ್ನು ಹೊರಬಹುದು, ಆದರೆ ಮರುದಿನದಿಂದಲೇ ಸೌದೆ. ಸರಿಯಾಗಿಲ್ಲ ಎಂದರೆ ಸೌದೆಯಿಲ್ಲ, ಆದರೆ ಪುಸ್ತಕದಲ್ಲಿ ಮತ್ತೆ ಸ್ತಾನೆ. ಅತ್ತ ದರಿ, ಇತ್ತ ಪುಲಿ. ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ದಿನ, ಏಳನೇ ತರಗತಿಗೆ ಹಿಮನದಿಗಳ ಬಗ್ಗೆ ಪಾಠ ಮಾಡುತ್ತಿರುವಾಗ, ಕಿಟಕಿಯಾಚೆ ಒಬ್ಬ ಹೆಂಗಸು ದಪ್ಪ ಚಕ್ರದ ಮಕ್ಕಳ ಗಾಡಿಯನ್ನು ಕೆಸರಿನಲ್ಲಿ ಸಲೀಸಾಗಿ ತಳ್ಳಿಕೊಂಡು ಹೋದದ್ದು ಕಂಡಿತು. ನನಗೆ ಜ್ಞಾನೋದಯವಾಯಿತು. ಹೊರುವುದು ಬೇಡ, ತಳ್ಳೋಣ. ತಳ್ಳುವುದಕ್ಕೂ ಬೆನ್ನಿಗೂ ಏನು ಸಂಬಂಧ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಕಾನೂನಿನ ತೊಡಕು ಬೇಡವೆಂದು ಶನಿವಾರ ಸಂತೆಯಲ್ಲಿ ಫಾನಿಯನ್ನು ಹಿಡಿದೆ. ಫಾನಿ ತಂಗುಮನೆಯ ಒಡತಿ. ಆ ಪುಸ್ತಕದ ಪೆನ್ನು ಅವಳ ಮುಂಗೈಗೆ ದಾರದಲ್ಲಿ ಕಟ್ಟಿರುತ್ತದೆ ಎಂದರೆ ಅವಳ ಶಿಸ್ತು ಎಂಥದ್ದೆಂದು ಊಹಿಸಿಕೊಳ್ಳಿ.

"ಮಗೂನ ಗಾಡೀಲಿ ತಳ್ಕೊಂಡು ಬಂದ್ರೆ ನಡಿಯುತ್ತಾ?"

ಫಾನಿ ಮೂಲಂಗಿ ಆರಿಸುತ್ತಲೇ ಹೇಳಿದಳು, "ಯಾರು ಮೇಲಕ್ಕೆ ತಂದ್ರೋ ಅವರ ಹೆಸರು. ಹೊತ್ಕೊಂಡ್ ಬಾ, ತಳ್ಕೊಂಡ್ ಬಾ, ಹಲ್ಲಲ್ಲಿ ಕಚ್ಕೊಂಡ್ ಬಾ, ನನಗೇನು. ಆದ್ರೆ ನಮ್ಮ ಕಾಲುದಾರೀಲೇ ಬರಬೇಕು. ಹಿಂದುಗಡೆ ವ್ಯಾನ್ ರಸ್ತೇಲಿ ಬಂದ್ರೆ ಬರೆಯಲ್ಲ. ಆ ರಸ್ತೇಲಿ ಬರೋದೆಲ್ಲ ಸರಕು."

(ಆರು ವರ್ಷದಲ್ಲಿ ನಾನು ಮೇಲೆ ಹೋದದ್ದು ಎರಡು ಸಲ. ಎರಡು ಸಲವೂ ಆ ವ್ಯಾನಿನಲ್ಲಿ, ಬಿಯರ್ ಕ್ರೇಟುಗಳ ನಡುವೆ. ಅವಳು ಅದನ್ನು ಮರೆತಿಲ್ಲವೆಂದು ಮೂಲಂಗಿಯ ಮೇಲಿಂದ ನೋಡಿದ ನೋಟದಲ್ಲೇ ಗೊತ್ತಾಯಿತು.)

ಅಲ್ಲಿಂದ ಶುರುವಾಯಿತು ನನ್ನ ಸಂಶೋಧನೆ. ಮೂರು ವಾರ ನಾನು ಗಾಡಿಗಳನ್ನೇ ಉಂಡೆ, ಗಾಡಿಗಳನ್ನೇ ಹಾಸಿ ಹೊದ್ದೆ. ಮೂರು ಚಕ್ರವೋ ನಾಲ್ಕು ಚಕ್ರವೋ? ಗಾಳಿ ತುಂಬುವ ಟಯರೋ, ಒಳಗೆ ಸ್ಪಂಜು ತುಂಬಿದ್ದೋ? ಮುಂದಿನ ಚಕ್ರ ತಿರುಗಬೇಕೋ, ಬಿಗಿಯಾಗಿ ನಿಲ್ಲಬೇಕೋ? ತಿರುಗಿದರೆ ಕಲ್ಲಿಗೆ ಸಿಕ್ಕಿ ಅಡ್ಡ ಹೊರಳುತ್ತದಂತೆ, ನಿಂತರೆ ತಿರುವಿನಲ್ಲಿ ಎತ್ತಿ ಇಡಬೇಕಂತೆ. ಕೈಬ್ರೇಕು, ಕಾಲುಬ್ರೇಕು, ಇಳಿಜಾರಿನಲ್ಲಿ ಗಾಡಿ ಓಡಿಹೋಗದಂತೆ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿ. ದೊಡ್ಡ ಹಾಳೆಯ ಮೇಲೆ ಗೆರೆ ಎಳೆದು ಹದಿನಾಲ್ಕು ಗಾಡಿಗಳ ಜಾತಕ ಬರೆದೆ. ಪೊಲೊನಾ ಅದನ್ನು ಒಂದು ಸಲ ನೋಡಿದಳು.

"ನನ್ನ ಮದುವೆ ಆಗೋ ಮುಂಚೆ ಇಷ್ಟು ವಿಚಾರಿಸಿದ್ಯಾ?"

"ನಿನಗೆ ಬ್ರೇಕ್ ಇಲ್ಲ ಅಂತ ಆಗಲೇ ಗೊತ್ತಿತ್ತು."

"ನಮ್ಮಕ್ಕನ ಹತ್ರ ಒಂದು ಬಟ್ಟೆ ಜೋಲಿ ಇದೆ. ಎದೆಗೆ ಕಟ್ಕೊಂಡು ಹತ್ತಿದ್ರೆ ಮುಗೀತು. ಗಾಡಿ ಬೇಕಾಗಿರೋದು ಮಗೂಗೋ ನಿನಗೋ?"

ಇಂಥ ಪ್ರಶ್ನೆಗಳಿಗೆ ಉತ್ತರ ಕೊಡಬಾರದು. ನಾನು ತಿನೆಯ ಕೈ ಹಿಡಿದುಕೊಂಡು ರಾಜಧಾನಿಗೆ ಹೊರಟೆ.

ಅಂಗಡಿ ವಿಮಾನ ನಿಲ್ದಾಣದಷ್ಟಿತ್ತು. ಗಡ್ಡ ಬಿಟ್ಟ ಮಾರಾಟದ ಹುಡುಗ ನನ್ನ ಹಾಳೆ ನೋಡಿ ಗೌರವದಿಂದ ಒಂದು ಹೆಜ್ಜೆ ಹಿಂದೆ ಸರಿದ. "ಎಂಥ ದಾರೀಲಿ ತಳ್ತೀರ ಸರ್? ಜಲ್ಲಿನಾ, ಮಣ್ಣಾ, ಬೇರು ಇರುತ್ತಾ, ಬಂಡೆನಾ?"

ಆ ಕಾಲುದಾರಿಯನ್ನು ನಾನು ನೋಡಿದ್ದರೆ ತಾನೇ? ಅಲ್ಲೇ ನಿಂತು ಮಾವನಿಗೆ ಫೋನು ಹಚ್ಚಿದೆ. ಗಾಡಿಯ ಗುಟ್ಟು ಬಿಡದೆ, ಸುಮ್ಮನೆ ಕೇಳಿದ ಹಾಗೆ, ಲಿಪೊವೆಟ್ಸ್ ದಾರಿ ಹೇಗಿದೆ ಎಂದು ಕೇಳಿದೆ.

"ದಾರಿನಾ? ಬೆಣ್ಣೆ ಥರ ಇದೆ" ಎಂದರು ಮಾವ. "ಮೊದಲು ಒಂಚೂರು ಏರು, ಆಮೇಲೆ ಎಲ್ಲಾ ಸಮ. ಕೊನೇಲಿ ಇನ್ನೊಂಚೂರು ಏರು. ನಮ್ಮಜ್ಜಿ ತಲೆ ಮೇಲೆ ಹಾಲಿನ ಕ್ಯಾನ್ ಇಟ್ಕೊಂಡು ಸ್ವೆಟರ್ ಹೆಣೀತಾ ಹೋಗ್ತಿದ್ರು."

ಮಾತು ಹುಡುಗನಿಗೂ ಕೇಳಿಸಿತು. ಅವನು ಮೆಲ್ಲನೆ, "ಹೇಳ್ತಿರೋರಿಗೆ ಎಷ್ಟು ವಯಸ್ಸು ಸರ್?" ಎಂದ.

"ಎಪ್ಪತ್ತೆರಡು."

"ಗುಡ್ಡದ ಕಡೆಯವರಾ?"

"ಹೌದು."

"ಹಾಗಾದ್ರೆ ಇರೋದ್ರಲ್ಲೇ ದೊಡ್ಡದು ತಗೊಳ್ಳಿ."

ಆ ಹುಡುಗನ ಎಚ್ಚರಿಕೆ ನನಗೆ ಹೊಗಳಿಕೆಯಾಗಿ ಕೇಳಿಸಿತು. ಭೂಗೋಳದ ಮೇಷ್ಟರೇ, ನಕ್ಷೆ ಬಿಚ್ಚಿ ಏರಿನ ಗೆರೆಗಳನ್ನು ನೋಡಬಾರದಿತ್ತೇ ಎಂದು ನೀವು ಕೇಳಬಹುದು. ಮಾವನ ಮಾತಿನ ಮೇಲೆ ನಕ್ಷೆ ಬಿಚ್ಚುವುದು ಅಳಿಯನಾದವನಿಗೆ ಶೋಭೆಯಲ್ಲ. ಗುಡ್ಡದ ಜನ 'ಸಮ' ಎಂದರೆ ಏನು ಅರ್ಥ ಎಂದು ನಮ್ಮ ಬಯಲಿನ ಮಕ್ಕಳಿಗೆ ಯಾರೂ ಕಲಿಸಿಯೂ ಇಲ್ಲ.

ಅಂಗಡಿಯ ಮೂಲೆಯಲ್ಲಿ ಪರೀಕ್ಷೆಗೆಂದೇ ಹತ್ತು ಹೆಜ್ಜೆಯ ಒಂದು ಕಾಡುದಾರಿ ಮಾಡಿಟ್ಟಿದ್ದರು: ಒಂದು ಬುಟ್ಟಿ ಜಲ್ಲಿ, ಎರಡು ಹಲಗೆ, ಒಂದು ಪ್ಲಾಸ್ಟಿಕ್ ಬೇರು. ತಿನೆಯನ್ನು ಕೂರಿಸಿ ಅದರ ಮೇಲೆ ಮೂರು ಸಲ ತಳ್ಳಿದೆ. ಗಾಡಿ ಬೇರನ್ನು ಸಲೀಸಾಗಿ ಹಾಯಿತು. ತಿನೆ ಚಪ್ಪಾಳೆ ತಟ್ಟಿದ. ಬಸುರಿ ಹೆಂಗಸೊಬ್ಬಳು ತನ್ನ ಗಂಡನಿಗೆ ನನ್ನನ್ನು ತೋರಿಸಿದಳು. ಇನ್ನೇನು ಬೇಕು? ಮೂರು ದಪ್ಪ ಗಾಳಿಚಕ್ರ, ಸ್ಪ್ರಿಂಗು, ಮಳೆಗೊಂದು ಬಿಸಿಲಿಗೊಂದು ಮುಸುಕು, ಒಟ್ಟು ತೂಕ ಹದಿಮೂರು ಕೆಜಿಯ ಆ ಸರ್ವಮಾರ್ಗಸಂಚಾರಿ ಶಿಶುವಾಹನವನ್ನು ಕೊಂಡುಬಿಟ್ಟೆ. ಅಂಗಡಿಯಿಂದ ಹೊರಬಂದಾಗ ನನ್ನ ಎದೆಯೂ ಆ ಟಯರುಗಳ ಹಾಗೆಯೇ ಉಬ್ಬಿತ್ತು.

ನಮ್ಮ ಪುಟ್ಟ ಕಾರಿಗೆ ಅದು ಹಿಡಿಸಲಿಲ್ಲ ಎಂಬುದು ಸಣ್ಣ ವಿಷಯ. ಚಕ್ರ ಕಳಚಿದರೆ ಹಿಡಿಯುತ್ತದೆ, ಚಕ್ರವನ್ನು ಯಾರಾದರೂ ತೊಡೆಯ ಮೇಲೆ ಇಟ್ಟುಕೊಂಡರಾಯಿತು. ನಮ್ಮ ಕಟ್ಟಡದ ಲಿಫ್ಟಿಗೂ ಹಿಡಿಸಲಿಲ್ಲ. ಕೆಳಗೆ ಸೈಕಲ್ ಕೋಣೆಯಲ್ಲಿಟ್ಟೆ. ಎರಡು ವಾರ ಸಂಜೆ ಹೊತ್ತು ಹೊಳೆದಂಡೆಯಲ್ಲಿ ತಾಲೀಮು ನಡೆಸಿದೆ. ಮಗುವಿಗೆ ಶೀತವಾಗಿದ್ದರಿಂದ ಅವಳ ಜಾಗದಲ್ಲಿ ಹತ್ತು ಕೆಜಿ ಆಲೂಗಡ್ಡೆಗೆ ಪಟ್ಟಿ ಬಿಗಿದು ಕೂರಿಸಿದ್ದೆ. ಎದುರು ಬಂದ ಮುದುಕಿಯರು ಮುಸುಕು ಸರಿಸಿ ಇಣುಕಿ, "ಅಪ್ಪನ ಥರಾನೇ" ಎಂದು ಹೋದರು.

ಮೇ ಒಂದು. ಬೆಳಗ್ಗೆ ಐದಕ್ಕೆ ಬ್ಯಾಂಡಿನವರು ಲಾರಿಯ ಮೇಲೆ ನಿಂತು ಊರೆಲ್ಲ ಊದಿ ಎಬ್ಬಿಸಿದರು. ಏಳಕ್ಕೆ ನಾವು ಗುಡ್ಡದ ಬುಡದಲ್ಲಿದ್ದೆವು. ಎಲ್ಲರ ಎದೆಯ ಮೇಲೂ ಕಾರ್ಮಿಕರ ದಿನದ ಕೆಂಪು ಹೂ. ಅತ್ತೆಯ ತೊಡೆಯಿಂದ ಮುಂದಿನ ಚಕ್ರ ಇಳಿಸಿ ಗಾಡಿಗೆ ಸಿಕ್ಕಿಸಿದೆ. ಮಾವ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಟಯರನ್ನು ಬೂಟಿನ ತುದಿಯಿಂದ ತಟ್ಟಿ, "ಹಾಲು ಎಷ್ಟು ಕೊಡುತ್ತೆ?" ಎಂದರು. ಅವರ ಬೆನ್ನ ಮೇಲೆ ಆ ಎಣ್ಣೆ ಸವರಿದ ಚೀಲವಿತ್ತು.

"ಅದ್ಯಾಕೆ ಮಾವ? ಉರ್ಶಾನ ನಾನು ತಳ್ತೀನಲ್ಲ."

"ಬ್ರೆಡ್ಡು, ಸಾಸೇಜು ಇಟ್ಕೊಳ್ಳೋಕೆ ಅಷ್ಟೇ ಅಳಿಯಂದ್ರೆ. ನಿನ್ನ ಸುದ್ದಿಗೆ ನಾನು ಬರಲ್ಲ."

ಮೊದಲ ಅರ್ಧ ಗಂಟೆ ನನ್ನ ಬಾಳಿನ ವೈಭವದ ಕಾಲ. ದಾರಿ ಅಗಲವಾಗಿತ್ತು, ಚಕ್ರ ನುಣ್ಣಗೆ ಉರುಳುತ್ತಿತ್ತು, ಉರ್ಶಾ ಮಹಾರಾಣಿಯ ಹಾಗೆ ಕೂತು ದಾರಿಹೋಕರಿಗೆ ಬಿಸ್ಕತ್ತು ತೋರಿಸುತ್ತಿದ್ದಳು. ಗುಡ್ಡದಲ್ಲಿ ಎದುರಾದವರೆಲ್ಲ ಪರಸ್ಪರ ನಮಸ್ಕಾರ ಹೇಳಬೇಕು ಎಂಬುದು ನಮ್ಮ ಪದ್ಧತಿ. ನನಗೆ ಬಂದ ನಮಸ್ಕಾರಗಳಲ್ಲಿ ಸ್ವಲ್ಪ ಅಸೂಯೆಯೂ ಇತ್ತು ಎಂದು ನನ್ನ ಭಾವನೆ. ಗಾಡಿ ಹೇಗೂ ಇದೆಯಲ್ಲ ಎಂದು ಅತ್ತೆ ಅಕ್ರೋಟು ಕೇಕಿನ ಡಬ್ಬಿಯನ್ನು ಅದರ ತಳಕ್ಕೆ ತಳ್ಳಿದರು. ಪೊಲೊನಾ ತನ್ನ ಜಾಕೆಟ್ ನೇತುಹಾಕಿದಳು. ತಿನೆ ದಾರಿಯುದ್ದಕ್ಕೂ ಚಂದದ ಕಲ್ಲು ಆರಿಸಿ ಆರಿಸಿ ತುಂಬತೊಡಗಿದ. ನಾನು ಯಾವುದಕ್ಕೂ ಬೇಡ ಎನ್ನಲಿಲ್ಲ. ಗೆದ್ದವನು ಉದಾರಿಯಾಗಿರಬೇಕು.

ಆಮೇಲೆ ಹುಲ್ಲುಗಾವಲಿನ ಬೇಲಿ ಬಂತು. ದನ ದಾಟಬಾರದು, ಮನುಷ್ಯ ದಾಟಬೇಕು ಎಂದು ಎರಡು ಗೂಟಗಳ ನಡುವೆ ಒಬ್ಬರು ಅಡ್ಡವಾಗಿ ನುಸುಳುವಷ್ಟು ಸಂದು ಬಿಟ್ಟಿರುತ್ತಾರಲ್ಲ, ಅದು. ನನ್ನ ಹಾಳೆಯಲ್ಲಿ ಹದಿನಾಲ್ಕು ಗಾಡಿಗಳ ಅಗಲ ಬರೆದಿದ್ದೆ. ಆ ಸಂದಿನ ಅಗಲ ಬರೆದಿರಲಿಲ್ಲ. ಮುಂದಿನಿಂದ ತಳ್ಳಿದೆ, ಹಿಂದಿನಿಂದ ಎಳೆದೆ, ಓರೆ ಮಾಡಿದೆ. ಬೇಲಿಯಾಚೆ ಒಂದು ಹಸು ಮೆಲುಕು ನಿಲ್ಲಿಸಿ ನೋಡಿತು. ನಮ್ಮ ಹಿಂದೆ ಜನರ ಸಾಲು ಬೆಳೆಯಿತು.

"ಒಂದ್ನಿಮಿಷ ಮಗೂನ ಹಿಡ್ಕೊಳ್ಳಿ ಮಾವ" ಎಂದೆ. ನಾನು ಮಾಡಿದ ತಪ್ಪುಗಳಲ್ಲಿ ಇದೇ ದೊಡ್ಡದು.

ಗಾಡಿಯನ್ನು ಬೇಲಿಯ ಮೇಲಿಂದ ದಾಟಿಸಿ ತಿರುಗಿ ನೋಡುವಷ್ಟರಲ್ಲಿ ಉರ್ಶಾ ತಾತನ ಮೀಸೆಯನ್ನು ಕಂಡುಹಿಡಿದುಬಿಟ್ಟಿದ್ದಳು. ಗಾಡಿಗೆ ಇಳಿಸಿದರೆ ಬಿಲ್ಲಿನ ಹಾಗೆ ಬಾಗಿ ಕಿರುಚಾಟ. ಎತ್ತಿದರೆ ನಗು. ಬಿಸ್ಕತ್ತು ತೋರಿಸಿದೆ, ಗಿಲಕಿ ಅಲ್ಲಾಡಿಸಿದೆ, ಕೊನೆಗೆ ನಾನೇ ಕೋಳಿಯ ಹಾಗೆ ಕೂಗಿದೆ. ಸಾಲಿನಲ್ಲಿದ್ದ ಬೇರೆ ಮಕ್ಕಳಿಗೆ ಬಹಳ ಖುಷಿಯಾಯಿತು. ನನ್ನ ಮಗಳು ಮಾತ್ರ ಮೀಸೆ ಬಿಡಲಿಲ್ಲ. ನನ್ನ ಮುಖ ನೋಡಿ ಅತ್ತೆಗೆ ಕನಿಕರ ಹುಟ್ಟಿತು. "ಸ್ವಲ್ಪ ದೂರ ಅಷ್ಟೇ ಮಿತ್ಯಾ. ಆಮೇಲೆ ಸಮ ಬರುತ್ತೆ, ಅಲ್ಲಿ ಕೂರಿಸ್ಕೊಂಡ್ರಾಯ್ತು" ಎಂದರು.

ಸಮ ಬಂತು. ಅದು ಹೀಗಿತ್ತು: ಮೊದಲು ನನ್ನ ತೋಳಿನಷ್ಟು ದಪ್ಪದ ಬೀಚ್ ಮರದ ಬೇರುಗಳು, ಪ್ಲಾಸ್ಟಿಕ್ಕಿನವಲ್ಲ. ನಂತರ ಬಂಡೆಯಲ್ಲಿ ಕಡಿದ ಮೆಟ್ಟಿಲು, ಮಂಡಿ ಗಲ್ಲಕ್ಕೆ ತಾಗುವಷ್ಟು ಎತ್ತರದವು. ನಂತರ ಚಳಿಗಾಲದಲ್ಲಿ ಉರುಳಿ ಅಡ್ಡ ಬಿದ್ದ ಮರ.

"ಮಾವ, ಸಮ ಅಂದ್ರಲ್ಲ?"

"ಸಮನೇ ತಾನೇ" ಎಂದರು ಮಾವ ನಿಜವಾದ ಆಶ್ಚರ್ಯದಿಂದ. "ಕೈ ನೆಲಕ್ಕೆ ಊರಬೇಕಾ? ಇಲ್ಲವಲ್ಲ. ಮತ್ತೆ?"

ಮೆಟ್ಟಿಲ ಬಳಿ ಗಾಡಿಯನ್ನು ಮಡಿಸಿ, ಪೊಲೊನಾಳ ಬೆಲ್ಟು ಮತ್ತು ಅತ್ತೆಯ ಶಾಲಿನಿಂದ ನನ್ನ ಬೆನ್ನಿಗೆ ಬಿಗಿದುಕೊಂಡೆ. ಬೇರೆ ದಾರಿಯಿರಲಿಲ್ಲ. ಬಿಟ್ಟುಹೋಗಲು ಮನಸ್ಸು ಬರಲಿಲ್ಲ. ಆ ಜನಸಂದಣಿಯಲ್ಲಿ ಅಷ್ಟು ಒಳ್ಳೆಯ ಬ್ರೇಕಿನ ಗಾಡಿಯನ್ನು ಯಾರು ಬಿಟ್ಟಾರು? ಮುಂದೆ ಮಾವ, ಅವರ ಬೆನ್ನುಚೀಲದಲ್ಲಿ ಉರ್ಶಾ (ಬ್ರೆಡ್ಡು ಸಾಸೇಜು ಯಾವಾಗ ಪೊಲೊನಾಳ ಚೀಲಕ್ಕೆ ಹೋಯಿತೋ ನಾನು ನೋಡಲಿಲ್ಲ). ಅವರ ಹಿಂದೆ ಆಡಿನಮರಿಯ ಹಾಗೆ ನೆಗೆಯುತ್ತ ತಿನೆ. ಎಲ್ಲರಿಗಿಂತ ಹಿಂದೆ ನಾನು, ಹೆಗಲ ಮೇಲೆ ಮೂರು ಚಕ್ರ. ಗಾಳಿ ಬೀಸಿದಾಗಲೆಲ್ಲ ನನ್ನ ತಲೆಯ ಹಿಂದೆ ಒಂದು ಚಕ್ರ ಗಿರಗಿರ ತಿರುಗುತ್ತಿತ್ತು.

ನನ್ನ ಜೊತೆಗೆ ಉಳಿದವರು ಬ್ಯಾಂಡಿನ ಟ್ಯೂಬಾದವರೊಬ್ಬರೇ. ಅವರೂ ಆ ಹಿತ್ತಾಳೆಯ ದೊಡ್ಡ ವಾದ್ಯವನ್ನು ಬೆನ್ನಿಗೆ ಕಟ್ಟಿಕೊಂಡು ಏದುಸಿರು ಬಿಡುತ್ತಿದ್ದರು.

"ನಿಮ್ಮದು ಎಷ್ಟು ತೂಕ?" ಎಂದರು.

"ಹದಿಮೂರು ಕೆಜಿ."

"ನಂದು ಹತ್ತು. ಆದ್ರೆ ನಂದನ್ನ ಮೇಲೆ ಹೋಗಿ ಊದಬಹುದು."

ಒಂದು ತಿರುವಿನಲ್ಲಿ ಮಾವ ನೀರು ಕುಡಿಯಲು ನಿಂತಾಗ ಓಡಿ ಹಿಡಿದೆ. "ಮಾವ, ಇಲ್ಲಿಂದ ಅದಲು ಬದಲು ಮಾಡ್ಕೊಳ್ಳೋಣ. ಮಗು ನನಗೆ, ಗಾಡಿ ನಿಮಗೆ."

"ಹದಿಮೂರು ಕೆಜಿನಾ? ಈ ವಯಸ್ಸಲ್ಲಾ? ನನಗೇನಾದ್ರೂ ಆದ್ರೆ ಫಾನಿ ಪುಸ್ತಕದಲ್ಲಿ ಅದನ್ನೂ ಬರೀತಾಳೆ."

"ಹಾಗಾದ್ರೆ ಗಾಡಿ ಇಲ್ಲೇ ಇರಲಿ, ಮಗೂನ ಕೊಡಿ."

"ಶ್" ಎಂದಳು ಪೊಲೊನಾ. ಉರ್ಶಾ ತಾತನ ಕತ್ತಿಗೆ ಕೆನ್ನೆ ಒತ್ತಿ ನಿದ್ದೆ ಹೋಗಿದ್ದಳು. ಮಲಗಿದ ಮಗುವನ್ನು ಎಬ್ಬಿಸಬಾರದು ಎಂಬುದು ನಮ್ಮ ಮನೆಯ ಸಂವಿಧಾನದ ಮೊದಲ ವಿಧಿ, ಅದನ್ನು ಬರೆದವನೂ ನಾನೇ. ಪೊಲೊನಾ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಬೆನ್ನು ಹೇಗಿದೆ?"

"ಚೆನ್ನಾಗಿದೆ" ಎಂದುಬಿಟ್ಟೆ. ಏದುಸಿರಿನಲ್ಲಿ ಸುಮ್ಮನಿರುವುದನ್ನು ಮರೆತೆ.

"ಉರ್ಶಾ ಒಂಬತ್ತು ಕೆಜಿ ಇದ್ದಾಳೆ ಮಿತ್ಯಾ."

"ಗೊತ್ತು."

ಅವಳು ಇನ್ನೇನೂ ಹೇಳಲಿಲ್ಲ. ಆರು ವರ್ಷ ಸಂಸಾರ ಮಾಡಿದವರಿಗೆ ಗೊತ್ತಿರುತ್ತದೆ, ಹೆಂಡತಿ ಇನ್ನೇನೂ ಹೇಳದಿರುವುದು ಎಷ್ಟು ಅಪಾಯವೆಂದು. ಉಳಿದ ದಾರಿಯುದ್ದಕ್ಕೂ ನಾನು ಆಗಾಗ ನರಳಿ ನೋಡಿದೆ. ಯಾರೂ ತಿರುಗಲಿಲ್ಲ. ನನ್ನ ಬೆನ್ನೆಂಬ ದ್ರೋಹಿ ಅವತ್ತು ಕಿಮಕ್ ಎನ್ನಲಿಲ್ಲ.

ತುದಿ ಮುಟ್ಟಿದಾಗ ತಂಗುಮನೆಯ ಅಂಗಳದ ತುಂಬ ಜನ, ಕಡಾಯಿಯಲ್ಲಿ ಗೂಲಾಷ್ ಎಂಬ ಮಾಂಸದ ಸಾರು ಕುದಿಯುತ್ತಿತ್ತು. ಫಾನಿ ಮೇಜಿನ ಮೇಲೆ ಪುಸ್ತಕ ಬಿಚ್ಚಿ ಕೂತಿದ್ದಳು. ನಾನು ಗಾಡಿ ಬಿಚ್ಚುವ ತಾಳ್ಮೆಯೂ ಇಲ್ಲದೆ, ಹೊತ್ತುಕೊಂಡೇ, ಮೇಜಿನ ಮುಂದೆ ವಾದ ಮಂಡಿಸಿದೆ. ಬುಡದಿಂದ ಬೇಲಿಯವರೆಗೆ ತಳ್ಳಿದವನು ನಾನು. ದೂರದ ಲೆಕ್ಕದಲ್ಲಿ ಅದು ಅರ್ಧ ದಾರಿ. ತಂದೆಯೂ ನಾನೇ. ಹೀಗಿರುವಾಗ 'ಹೊತ್ತವರು' ಎಂಬಲ್ಲಿ ನನ್ನ ಹೆಸರು ಬರುವುದೇ ನ್ಯಾಯ.

ಫಾನಿ ಪೆನ್ನಿನ ತುದಿಯಿಂದ ಮಾವನ ಬೆನ್ನನ್ನು ತೋರಿಸಿದಳು. "ಮಗು ಎಲ್ಲಿದೆ?"

"ಈಗ ಅಲ್ಲಿದೆ, ಆದ್ರೆ..."

"ಮೇಲಕ್ಕೆ ಯಾರು ತಂದ್ರೋ ಅವರ ಹೆಸರು ಅಂತ ಸಂತೇಲಿ ಹೇಳಿದ್ದೆ. ನಲವತ್ತು ವರ್ಷದಿಂದ ಈ ಪುಸ್ತಕದಲ್ಲಿ ಸುಳ್ಳು ಬರೆದಿಲ್ಲ."

ಇಷ್ಟು ದೂರ ಬಂದು, ಇಷ್ಟು ಬೆವರು ಹರಿಸಿ, ಮಗಳ ಸಾಲಿನಲ್ಲೂ ನಾನಿಲ್ಲ. ಅದು ಮುಖದಲ್ಲಿ ಕಂಡಿರಬೇಕು. ಮಾವ ಟೋಪಿ ತೆಗೆದು ಮೆಲ್ಲಗೆ ಹೇಳಿದರು, "ಫಾನಿ, ಅವನ ಹೆಸರೂ ಒಂದ್ಕಡೆ ಬರಿ. ಹುಡುಗ ನಿಜವಾಗ್ಲೂ ಕಷ್ಟಪಟ್ಟಿದ್ದಾನೆ."

ಫಾನಿ ನನ್ನನ್ನು ನೋಡಿದಳು, ನನ್ನ ತಲೆಯ ಹಿಂದಿನ ಚಕ್ರವನ್ನು ನೋಡಿದಳು, ಸ್ವಲ್ಪ ಯೋಚಿಸಿದಳು, ಬಾಗಿ ಎರಡು ಸಾಲು ಬರೆದಳು. ತಲೆಕೆಳಗಾಗಿ ನೋಡುತ್ತಿದ್ದ ನನಗೆ ಎರಡನೆಯ ಸಾಲಿನ ಕೊನೆಯಲ್ಲಿ 'ಮಿತ್ಯಾ' ಎಂದು ಕಂಡಿತು. ಅಷ್ಟು ಸಾಕಾಗಿತ್ತು. ಮಾವನ ಕೈ ಹಿಡಿದು ಕುಲುಕಿದೆ. ಕಣ್ಣು ಒದ್ದೆಯಾದವು ಎಂದು ಹೇಳಲು ನಾಚಿಕೆಯಿಲ್ಲ. ಮುದುಕ ಎಷ್ಟು ದೊಡ್ಡ ಮನುಷ್ಯ, ಇಷ್ಟು ದಿನ ಇವರನ್ನು ಅಪಾರ್ಥ ಮಾಡಿಕೊಂಡೆನಲ್ಲ ಎನಿಸಿತು.

ಹನ್ನೊಂದಕ್ಕೆ ಬ್ಯಾಂಡಿನ ಮುಖ್ಯಸ್ಥರು ಪುಸ್ತಕ ಹಿಡಿದು ಮೈಕಿನ ಮುಂದೆ ನಿಂತರು. ಆ ವರ್ಷ ಮೊದಲ ಸಲ ಹತ್ತಿದ ಒಂದೊಂದು ಹೆಸರಿಗೂ ಒಂದು ತುತ್ತೂರಿ, ಒಂದು ಚಪ್ಪಾಳೆ. ನಾನು ತಲೆ ಬಾಚಿಕೊಂಡು ಮುಂದಿನ ಸಾಲಿಗೆ ಹೋಗಿ ನಿಂತೆ. ಪೊಲೊನಾಗೆ ಫೋಟೋ ತೆಗೆಯಲು ಹೇಳಿದೆ.

"ಉರ್ಶಾ, ಹತ್ತು ತಿಂಗಳು, ಮೊದಲ ಏರಿಕೆ. ಹೊತ್ತವರು, ತಾತ ಸ್ತಾನೆ."

ತುತ್ತೂರಿ. ಚಪ್ಪಾಳೆ. ನಾನು ಅಂಗಿಯ ಮೇಲಿನ ಹೂ ಸರಿಮಾಡಿಕೊಂಡೆ.

"ಗಾಡಿ, ಎರಡು ವಾರ, ಮೊದಲ ಏರಿಕೆ. ಹೊತ್ತವರು, ಮಿತ್ಯಾ."

ಆಮೇಲೆ ತುತ್ತೂರಿ ಮೊಳಗಿತು, ನನ್ನ ದಾರಿಯ ಜೊತೆಗಾರರು ಕೆನ್ನೆ ಊದಿಸಿಕೊಂಡು ಟ್ಯೂಬಾವನ್ನು ಎಲ್ಲರಿಗಿಂತ ಜೋರಾಗಿ ಊದಿದರು. ಊರಿಗೆ ಊರೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹೊಸಬರು ಬಾಗಿ ವಂದಿಸುವ ಪದ್ಧತಿಯಿದೆ. ಗಾಡಿಗೆ ಬಾಗಲು ಬಾರದ್ದರಿಂದ ನಾನೇ ಬಾಗಿದೆ. ಆ ಫೋಟೋ ಈಗ ಅತ್ತೆಯ ಮನೆಯ ಹಾಲ್‌ನಲ್ಲಿ ಕಟ್ಟು ಹಾಕಿಸಿಕೊಂಡು ತೂಗುತ್ತಿದೆ.

ಫಾನಿಯ ಬಳಿ ಹೋಗಿ ಆ ಸಾಲು ಹೊಡೆದುಹಾಕಿ ಎಂದು ಬೇಡಿಕೊಂಡೆ. "ನಿಜ ತಾನೇ?" ಎಂದಳು. ನಿಜವೇ. ಗೂಲಾಷ್ ತಟ್ಟೆ ಹಿಡಿದುಕೊಂಡು ಮೂಲೆಯ ಬೆಂಚಿನಲ್ಲಿ ಕೂತೆ. ಮಾವ ಬಂದು ಪಕ್ಕದಲ್ಲಿ ಕೂತರು. ನಂತರ ನನ್ನ ಬೆನ್ನಿನ ಮೇಲೆ ಕೈಯಿಟ್ಟು, ದನದ ಸಂತೆಯಲ್ಲಿ ಎತ್ತಿನ ಬೆನ್ನು ನೋಡುವವರ ಹಾಗೆ ಮೇಲಿಂದ ಕೆಳಗೆ ಸವರಿದರು. ಅವರ ಕಣ್ಣಿನಲ್ಲಿ, ಮದುವೆಯಾದ ಮೇಲೆ ಮೊದಲ ಸಲ, ನನ್ನ ಬಗ್ಗೆ ಗೌರವವಿತ್ತು.

"ಹದಿಮೂರು ಕೆಜಿ, ಆ ಮೆಟ್ಟಿಲಲ್ಲಿ" ಎಂದರು. "ಶನಿವಾರ ಎರಡು ಲೋಡ್ ಸೌದೆ ಬರುತ್ತೆ. ಆರು ಗಂಟೆಗೇ ಬಂದ್ಬಿಡು ಅಳಿಯಂದ್ರೆ. ಬೆನ್ನು ಹೇಗಿದೆ ಅಂತ ಇನ್ಮೇಲೆ ಕೇಳಲ್ಲ, ಪುಸ್ತಕದಲ್ಲಿ ಬರೆದಾಗಿದೆ."